ಕಮ್ಮಾರಸಾಲೆಯಿಂದ ಕೊಕ್ಕೊ ತೋಟಕ್ಕೆ: ಘಾನಾದ ರೈತರ ಬಾಳು ಬೆಳಗಿದ ಟೆಟ್ಟೆ ಕ್ವಾರ್ಶಿ

ಪುತ್ತೂರು, ಸುಳ್ಯ, ಬೆಳ್ತಂಗಡಿ, ಬಂಟ್ವಾಳ ಕಡೆಯಿಂದ ಬಂದು ಮುಂಬಯಿ, ಪುಣೆ ಮುಂತಾದ ನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರ ಊರಿನ ತೋಟದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೊ ಗಿಡಗಳಿವೆ. ರಜೆಯಲ್ಲಿ ಊರಿಗೆ ಹೋದ ಮಕ್ಕಳು ಹಳದಿ ಬಣ್ಣಕ್ಕೆ ತಿರುಗಿದ ಕೊಕ್ಕೊ ಕಾಯಿಯನ್ನು ಒಡೆದು ಒಳಗಿನ ಬಿಳಿ ತಿರುಳನ್ನು ಚೀಪುವುದನ್ನು ನಾವೆಲ್ಲ ಕಂಡಿದ್ದೇವೆ. ಈ ಬೆಳೆಯೇ ಪಶ್ಚಿಮ ಆಫ್ರಿಕಾದ ಒಂದು ದೇಶದ ಚರಿತ್ರೆಯನ್ನು ಬದಲಿಸಿತು. ಅದಕ್ಕೆ ಕಾರಣರಾದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಟೆಟ್ಟೆ ಕ್ವಾರ್ಶಿ. ಅವರು ಅರಸರಲ್ಲ, ಅಧಿಕಾರಿಯಲ್ಲ, ವಿಜ್ಞಾನಿಯೂ ಅಲ್ಲ. ಬಾಸೆಲ್ ಮಿಶನ್ನಿನ ಕಾರ್ಯಾಗಾರದಲ್ಲಿ ಕಬ್ಬಿಣದ ಕೆಲಸ ಕಲಿತ ಒಬ್ಬ ಕಮ್ಮಾರ.

ಬಾಸೆಲ್ ಮಿಶನ್ ಎಂಬ ಹೆಸರು ಕನ್ನಡಿಗರಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಇದೇ ಸಂಸ್ಥೆ ಶಾಲೆ, ಮುದ್ರಣಾಲಯ, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಬಂದುದು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾದುದು ಇದರ ಆಶ್ರಯದಲ್ಲೇ. ಇದೇ ಮಿಶನ್ ಅದೇ ಕಾಲದಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಲ್ಲಿಯೂ ಕೆಲಸ ಮಾಡುತ್ತಿತ್ತು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಕ್ವಾರ್ಶಿ ಅವರ ಬದುಕು ಆ ಇನ್ನೊಂದು ಕರಾವಳಿಯ ಕಥೆ.

ಜ್ವರದ ನಾಡಿನಲ್ಲಿ ಮಿಶನ್

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಮಿಶನ್ 1828ರಲ್ಲಿ ತನ್ನ ಮೊದಲ ತಂಡವನ್ನು ಗೋಲ್ಡ್ ಕೋಸ್ಟಿಗೆ ಕಳುಹಿಸಿತು. ಆಗ ಅಲ್ಲಿನ ಒಸು ಎಂಬಲ್ಲಿ ಡೆನ್ಮಾರ್ಕಿನವರ ಕ್ರಿಸ್ಟಿಯನ್ಸ್‌ಬೋರ್ಗ್ ಕೋಟೆ ಇತ್ತು. ಬಂದ ನಾಲ್ವರೂ ಕೆಲವೇ ವರ್ಷಗಳಲ್ಲಿ ಜ್ವರಕ್ಕೆ ಬಲಿಯಾದರು. 1832ರಲ್ಲಿ ಬಂದ ಮೂವರಲ್ಲಿ ಆಂಡ್ರಿಯಾಸ್ ರೀಸ್ ಒಬ್ಬರೇ ಬದುಕುಳಿದರು. ಅವರ ಜೀವ ಉಳಿಸಿದವನು ಸ್ಥಳೀಯ ನಾಟಿ ವೈದ್ಯ. ಕಡಲ ತೀರದ ಹವೆ ಒಗ್ಗದೆಂದು ರೀಸ್ 1835ರಲ್ಲಿ ಅಕುವಾಪೆಮ್ ಗುಡ್ಡಸಾಲಿನ ಅಕ್ರೊಪಾಂಗ್ ಎಂಬ ಊರಿಗೆ ಹೋಗಿ ನೆಲೆಸಿದರು.

ಅಲ್ಲಿನ ಅರಸರು ಅವರನ್ನು ಆದರದಿಂದ ಕಂಡರು. ಆದರೆ ವರ್ಷಗಳು ಕಳೆದರೂ ಯಾರೂ ಅವರ ಧರ್ಮಕ್ಕೆ ಸೇರಲಿಲ್ಲ. ಈ ಧರ್ಮ ಬಿಳಿಯರದ್ದೇ ಎಂಬುದು ಊರವರ ಎಣಿಕೆಯಾಗಿತ್ತು. ಇದಕ್ಕೆ ಉತ್ತರವೆಂಬಂತೆ 1843ರಲ್ಲಿ ಮಿಶನ್ ಜಮೈಕಾ ಮತ್ತು ಆಂಟಿಗುವಾ ದ್ವೀಪಗಳಿಂದ 20ಕ್ಕೂ ಹೆಚ್ಚು ಕರಿಯ ಕ್ರೈಸ್ತರನ್ನು, ಹೆಂಡತಿ ಮಕ್ಕಳ ಸಹಿತ, ಅಕ್ರೊಪಾಂಗಿಗೆ ಕರೆತಂದಿತು. ಇವರ ಹಿರಿಯರು ಇದೇ ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು. ಮರಳಿ ಬಂದ ಈ ಕುಟುಂಬಗಳು ಬೈಬಲ್ಲಿನ ಜೊತೆಗೆ ಮಾವು, ಬೆಣ್ಣೆಹಣ್ಣು, ಕೆಸುವಿನ ಜಾತಿಯ ಗೆಡ್ಡೆ ಮುಂತಾದವುಗಳನ್ನೂ ತಂದವು. ಕಲ್ಲಿನ ಮನೆ ಕಟ್ಟಿ, ತೋಟ ಮಾಡಿ, ಸಸಿಗಳನ್ನು ನೆರೆಯವರಿಗೂ ಹಂಚಿದವು. ದುಡಿಮೆಯೂ ಆರಾಧನೆಯ ಒಂದು ಭಾಗ ಎಂಬ ನಂಬಿಕೆಯ ಮಿಶನ್ನಿಗೆ ಬೇಸಾಯವೇ ಬಡತನ ನೀಗುವ ದಾರಿಯಾಗಿ ಕಂಡಿತು.

1848ರಲ್ಲಿ ಅಕ್ರೊಪಾಂಗಿನಲ್ಲಿ ಉಪದೇಶಿ ಮತ್ತು ಶಿಕ್ಷಕರ ತರಬೇತಿಗಾಗಿ ಸೆಮಿನರಿ ಆರಂಭವಾಯಿತು. 1850ರ ದಶಕದಲ್ಲಿ ಒಸುವಿನಲ್ಲಿ ಬಡಗಿ, ಕಮ್ಮಾರ, ಗಾಡಿಚಕ್ರ, ಚಪ್ಪಲಿ ಮುಂತಾದ ಕಸುಬುಗಳನ್ನು ಕಲಿಸುವ ಕಾರ್ಯಾಗಾರಗಳು ತೆರೆದವು. ಮಂಗಳೂರಿನಲ್ಲಿ ನೇಯ್ಗೆ ಮತ್ತು ಹೆಂಚಿನ ಕೆಲಸ ಹೇಗೆ ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟಿತೋ ಒಸುವಿನಲ್ಲಿ ಈ ಕಾರ್ಯಾಗಾರಗಳು ಹಾಗೆಯೇ ಕೆಲಸ ಮಾಡಿದವು. 1859ರಲ್ಲಿ ಮಿಶನ್ ತನ್ನದೇ ವ್ಯಾಪಾರ ಕಂಪೆನಿಯನ್ನು ಸ್ಥಾಪಿಸಿತು. ಬಂದೂಕು ಮತ್ತು ಮದ್ಯ ಆ ಕಾಲದಲ್ಲಿ ಕರಾವಳಿಯ ಅತಿ ಲಾಭದ ಸರಕುಗಳಾಗಿದ್ದರೂ ಮಿಶನ್ನಿನವರು ಅವುಗಳಿಂದ ದೂರ ಉಳಿದರು. 1860ರ ದಶಕದ ಆರಂಭದಲ್ಲಿ ಸಭೆಯ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ನಿಯಮ ಮಾಡಿದಾಗ ಕೆಲವರು ಮುನಿಸಿಕೊಂಡು ದೂರವಾದದ್ದೂ ಉಂಟು. ಬ್ರಿಟಿಷ್ ಸರಕಾರ ಅಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ನಿಷೇಧಿಸಿದ್ದು ಅದಾದ ಹತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 1874ರಲ್ಲಿ.

ಕಮ್ಮಾರನಾದ ರೈತನ ಮಗ

ಟೆಟ್ಟೆ ಕ್ವಾರ್ಶಿ ಅವರು 1842ರಲ್ಲಿ ಗಾ ಜನಾಂಗದ ಬಡ ಕುಟುಂಬದಲ್ಲಿ ಜನಿಸಿದರು. ಕ್ರಿಸ್ಟಿಯನ್ಸ್‌ಬೋರ್ಗ್ ಅವರ ಊರು. ತಂದೆ ತೇಶಿ ಎಂಬ ಊರಿನ ರೈತರು, ತಾಯಿ ಲಬಾಡಿಯವರು. ಇಬ್ಬರಿಗೂ ಅಕ್ಷರಜ್ಞಾನ ಇರಲಿಲ್ಲ. ಬಾಲಕ ಕ್ವಾರ್ಶಿಗೆ ಎಂಟು ವರ್ಷವಾಗಿದ್ದಾಗ, 1850ರಲ್ಲಿ, ಡೆನ್ಮಾರ್ಕಿನವರು ಕೋಟೆಯನ್ನು ಬ್ರಿಟಿಷರಿಗೆ ಮಾರಿ ಹೊರಟುಹೋದರು. ಹೊಸ ಒಡೆಯರು ತಲೆಗಂದಾಯ ಹೇರಿದರು. ಜನ ಪ್ರತಿಭಟಿಸಿದಾಗ 1854ರಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಒಸುವಿನ ಮೇಲೆ ಗುಂಡಿನ ಮಳೆಗರೆದವು. ಮನೆಮಾರು ಕಳೆದುಕೊಂಡ ಅನೇಕ ಕುಟುಂಬಗಳು ಒಳನಾಡಿಗೆ ವಲಸೆ ಹೋದವು.

ಇಂಥ ದಿನಗಳಲ್ಲಿ ಬೆಳೆದ ಕ್ವಾರ್ಶಿ ಮಿಶನ್ನಿನ ಕಾರ್ಯಾಗಾರವನ್ನು ಸೇರಿ ಕಮ್ಮಾರಿಕೆ ಕಲಿತರು. ಕುಲುಮೆಯ ಮುಂದೆ ವರ್ಷಗಟ್ಟಲೆ ದುಡಿದು ನುರಿತ ಕೆಲಸಗಾರನೆನಿಸಿಕೊಂಡು ಅಕುವಾಪೆಮ್ ಪ್ರದೇಶದಲ್ಲಿ ಹೆಸರು ಮಾಡಿದರು. ಕೆಲಸದ ನಡುವೆ ಬಿಡುವು ಸಿಕ್ಕಾಗ ಬೇಸಾಯ ಮಾಡುವುದು ಅವರಿಗೆ ತಂದೆಯಿಂದ ಬಂದ ಹವ್ಯಾಸ.

ಕೈಯಲ್ಲಿ ಕಸುಬು ಇದ್ದವನಿಗೆ ಎಲ್ಲಿ ಹೋದರೂ ಬದುಕುಂಟು. 1870ರಲ್ಲಿ, 28ರ ಹರೆಯದಲ್ಲಿ, ಕ್ವಾರ್ಶಿ ಹಡಗು ಹತ್ತಿ ಫರ್ನಾಂಡೊ ಪೊ ದ್ವೀಪಕ್ಕೆ ಹೋದರು. ಇಂದು ಬಿಯೊಕೊ ಎಂದು ಕರೆಯಲಾಗುವ, ಈಕ್ವಟೋರಿಯಲ್ ಗಿನಿ ದೇಶಕ್ಕೆ ಸೇರಿದ ಈ ದ್ವೀಪ ಆಗ ಸ್ಪೇನಿನ ವಶದಲ್ಲಿತ್ತು. ಅಮೆರಿಕ ಖಂಡದ ಮೂಲದ ಕೊಕ್ಕೊ ಗಿಡ ಬ್ರೆಜಿಲಿನಿಂದ ಪೋರ್ಚುಗೀಸರ ದ್ವೀಪಗಳಿಗೆ, ಅಲ್ಲಿಂದ ಫರ್ನಾಂಡೊ ಪೊಗೆ ಬಂದಿತ್ತು. ಹೊಟ್ಟೆಪಾಡಿಗೆ ಹೋದ ಕಮ್ಮಾರನ ಕಣ್ಣು ಅಲ್ಲಿನ ತೋಟಗಳ ಮೇಲೆ ಬಿತ್ತು. ನೆರಳಲ್ಲಿ ಬೆಳೆಯುವ, ಕಾಂಡಕ್ಕೇ ಕಾಯಿ ಬಿಡುವ ಈ ಗಿಡವನ್ನು ನೆಡುವುದು ಹೇಗೆ, ಬೀಜವನ್ನು ಬಾಳೆ ಎಲೆಯಲ್ಲಿ ಮುಚ್ಚಿ ಹುಳಿ ಬರಿಸುವುದು ಹೇಗೆ, ಬಿಸಿಲಿಗೆ ಒಣಗಿಸುವುದು ಹೇಗೆ ಎಂಬುದೆಲ್ಲ ಆ ತೋಟಗಳಲ್ಲಿ ನೋಡಿ ಕಲಿಯುವ ವಿದ್ಯೆಯಾಗಿತ್ತು.

ಆರು ವರ್ಷಗಳ ಬಳಿಕ, 1876ರಲ್ಲಿ, ಕ್ವಾರ್ಶಿ ಊರಿಗೆ ಮರಳಿದರು. ಬರುವಾಗ ಕೆಲವು ಕೊಕ್ಕೊ ಕಾಯಿಗಳನ್ನು ತಂದರು. ಬೀಜ ಹೊರಗೆ ಹೋಗದಂತೆ ದ್ವೀಪದಲ್ಲಿ ಕಾವಲಿತ್ತೆಂದೂ, ಅವರು ತಮ್ಮ ಸಲಕರಣೆಗಳ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತಂದರೆಂದೂ ಘಾನಾದ ಜನ ಇಂದಿಗೂ ಹೇಳುತ್ತಾರೆ. ಇದು ಜನಪದರ ಬಾಯಲ್ಲಿ ಬೆಳೆದ ಕಥೆ. ದುಡಿಯಲು ಹೋದವನು ಊರಿಗೆ ಉಪಯೋಗವಾಗುವ ವಸ್ತುವನ್ನು ತಂದನೆಂಬುದಂತೂ ನಿಜ.

ಮಂಪೊಂಗಿನ ಪುಟ್ಟ ತೋಟ

ಕಡಲ ತೀರದ ಒಣ ನೆಲ ಕೊಕ್ಕೊಗೆ ಒಗ್ಗುವಂಥದ್ದಲ್ಲ. ಆದ್ದರಿಂದ ಅವರು ಮಳೆ ಹೆಚ್ಚಿರುವ ಅಕುವಾಪೆಮ್ ಗುಡ್ಡದ ಮಂಪೊಂಗ್ ಎಂಬ ಊರನ್ನು ಆರಿಸಿಕೊಂಡು 1879ರಲ್ಲಿ ಅಲ್ಲಿ ತೋಟ ಮಾಡಿದರು. ಕೊಕ್ಕೊ ಫಲ ಕೊಡಲು ನಾಲ್ಕೈದು ವರ್ಷ ಬೇಕು. ಗಿಡಗಳು ಕಾಯಿ ಬಿಟ್ಟಾಗ ಬಂಧುಗಳು, ಸ್ನೇಹಿತರು, ನೆರೆಹೊರೆಯವರು ಬೀಜ ಪಡೆದು ತಮ್ಮ ನೆಲದಲ್ಲಿ ನೆಟ್ಟರು. ಹೀಗೆ ಒಂದು ತೋಟ ಹತ್ತಾಯಿತು, ಹತ್ತು ನೂರಾಯಿತು.

ಗೋಲ್ಡ್ ಕೋಸ್ಟಿಗೆ ಕೊಕ್ಕೊ ತಂದವರಲ್ಲಿ ಕ್ವಾರ್ಶಿ ಅವರೇ ಮೊದಲಿಗರೇ ಎಂಬ ಬಗ್ಗೆ ಚರ್ಚೆ ಇದೆ. ಅವರಿಗಿಂತ ಮುಂಚೆ ಡಚ್ಚರು ಕರಾವಳಿಯಲ್ಲಿ ನೆಟ್ಟಿದ್ದರು. 1850ರ ದಶಕದ ಕೊನೆಯಲ್ಲಿ ಬಾಸೆಲ್ ಮಿಶನ್ನಿನವರೂ ಅಕುವಾಪೆಮ್‌ನಲ್ಲಿ ಪ್ರಯತ್ನಿಸಿದ್ದರು. 1880ರ ದಶಕದಲ್ಲಿ ಗವರ್ನರ್ ಗ್ರಿಫಿತ್ ಅವರು ಸಾವೊ ತೊಮೆ ದ್ವೀಪದಿಂದ ಬೀಜ ತರಿಸಿದರು, ಮತ್ತು 1890ರಲ್ಲಿ ಅಬುರಿಯಲ್ಲಿ ಆರಂಭವಾದ ಸರಕಾರಿ ಸಸ್ಯೋದ್ಯಾನದಿಂದ ಸಸಿಗಳ ವಿತರಣೆ ನಡೆಯಿತು. ಈ ಎಲ್ಲರ ಪಾಲೂ ಇದೆ. ಆದರೆ ಮಿಶನ್ನಿನ ಅಂಗಳದಲ್ಲಿಯೋ ಸರಕಾರದ ಉದ್ಯಾನದಲ್ಲಿಯೋ ಇರುವ ಗಿಡವನ್ನು ನೋಡುವುದು ಬೇರೆ, ತಮ್ಮಂತೆಯೇ ಇರುವ ಒಬ್ಬ ಬಡವನ ತೋಟದಲ್ಲಿ ಅದು ಹಣವಾಗುವುದನ್ನು ನೋಡುವುದು ಬೇರೆ. ಜನರಿಗೆ ಧೈರ್ಯ ಬಂದದ್ದು ಎರಡನೆಯದರಿಂದ. ಆದ್ದರಿಂದಲೇ ಘಾನಾದ ಜನರು ಕ್ವಾರ್ಶಿ ಅವರನ್ನೇ ಕೊಕ್ಕೊ ಕೃಷಿಯ ಪಿತಾಮಹ ಎಂದು ಗೌರವಿಸುತ್ತಾರೆ.

ಕಾಲವೂ ಕೂಡಿಬಂದಿತ್ತು. ಅಕುವಾಪೆಮ್ ರೈತರ ಆದಾಯಕ್ಕೆ ಅಲ್ಲಿಯತನಕ ತಾಳೆ ಎಣ್ಣೆ ಆಧಾರವಾಗಿತ್ತು. 1880ರ ದಶಕದಲ್ಲಿ ಅದರ ಬೆಲೆ ಕುಸಿಯಿತು. ಬೇರೆ ಬೆಳೆಗಾಗಿ ಹುಡುಕುತ್ತಿದ್ದ ರೈತರಿಗೆ ಕೊಕ್ಕೊ ವರವಾಯಿತು. ಮಿಶನ್ನಿನ ವ್ಯಾಪಾರ ಕಂಪೆನಿ ಖರೀದಿಗೆ ಮುಂದೆ ಬಂತು. ಒಣಬೀಜವನ್ನು ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ, ಗುಡ್ಡದಿಂದ ಕಡಲ ತೀರದವರೆಗೆ ಉರುಳಿಸಿಕೊಂಡು ಒಯ್ಯುತ್ತಿದ್ದರು.

1891ರಲ್ಲಿ ಗೋಲ್ಡ್ ಕೋಸ್ಟಿನಿಂದ ರಫ್ತಾದ ಕೊಕ್ಕೊ ಕೇವಲ 80 ಪೌಂಡು, ಅಂದರೆ ಸುಮಾರು 36 ಕಿಲೊ. ಮರುವರ್ಷ, 1892ರ ಡಿಸೆಂಬರ್ 25ರಂದು, 50ರ ಹರೆಯದಲ್ಲಿ ಕ್ವಾರ್ಶಿ ಇಹಲೋಕ ತ್ಯಜಿಸಿದರು. ತಾವು ನೆಟ್ಟ ಬೀಜ ಎಷ್ಟು ದೊಡ್ಡ ಮರವಾಗಲಿದೆ ಎಂಬುದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಅವರು ತೀರಿಕೊಂಡ 19 ವರ್ಷಗಳಿಗೆ, 1911ರಲ್ಲಿ, ಗೋಲ್ಡ್ ಕೋಸ್ಟ್ ಸುಮಾರು 40,000 ಟನ್ ಕೊಕ್ಕೊ ರಫ್ತು ಮಾಡಿ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತು. ಇದರ ಹಿಂದೆ ಬಿಳಿಯ ಜಮೀನ್ದಾರರ ದೊಡ್ಡ ಎಸ್ಟೇಟುಗಳು ಇರಲಿಲ್ಲ. ಎಲ್ಲವೂ ಸಣ್ಣ ರೈತರ ದುಡಿಮೆ.

ಒಟ್ಟಾಗಿ ಹಣ ಹೂಡಿದ ವಲಸಿಗರು

ಪರವೂರಿನಲ್ಲಿ ಸಂಘ ಕಟ್ಟಿ ಬಾಳುವ ನಮಗೆ ಈ ಬೆಳವಣಿಗೆಯ ಒಂದು ಸಂಗತಿ ವಿಶೇಷವಾಗಿ ಮನಸ್ಸಿಗೆ ತಟ್ಟುತ್ತದೆ. ಗುಡ್ಡದಲ್ಲಿ ನೆಲ ಸಾಲದಾದಾಗ ಅಕುವಾಪೆಮ್, ಕ್ರೊಬೊ ಮತ್ತು ಗಾ ಜನರು ಪಶ್ಚಿಮದ ಅಕಿಮ್ ಕಾಡುಗಳತ್ತ ವಲಸೆ ಹೋದರು. ಒಬ್ಬೊಬ್ಬರಿಗೆ ಕಾಡು ಕೊಳ್ಳುವ ಶಕ್ತಿ ಇಲ್ಲದ್ದರಿಂದ ಒಂದೇ ಕಡೆಯ ಜನ ಗುಂಪು ಕಟ್ಟಿ, ನಮ್ಮಲ್ಲಿ ಚೀಟಿ ಹಾಕುವಂತೆ ಹಣ ಕೂಡಿಸಿ, ಒಬ್ಬ ಮುಖಂಡನನ್ನು ಮುಂದಿಟ್ಟುಕೊಂಡು ಅಲ್ಲಿನ ಒಡೆಯರಿಂದ ನೆಲ ಕೊಂಡರು. ಬಳಿಕ ಹಗ್ಗ ಹಿಡಿದು ಅಳೆದು, ಯಾರು ಎಷ್ಟು ಹಣ ಹಾಕಿದರೋ ಅಷ್ಟು ಅಗಲದ ಪಟ್ಟಿಗಳಾಗಿ ಹಂಚಿಕೊಂಡರು. ಇಂಥ ಗುಂಪಿಗೆ ಅವರು ಕಂಪೆನಿ ಎಂದೇ ಹೆಸರಿಟ್ಟಿದ್ದರು. ಬ್ರಿಟಿಷ್ ವಿದ್ವಾಂಸೆ ಪೊಲ್ಲಿ ಹಿಲ್ ಅವರು 1963ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ವಲಸೆ ರೈತರ ಸಾಹಸವನ್ನು ವಿವರವಾಗಿ ದಾಖಲಿಸಿದ್ದಾರೆ.

ಕೊಕ್ಕೊ ಹಣದಿಂದ ರೈತರು ಮನೆ ಕಟ್ಟಿದರು, ಮಕ್ಕಳನ್ನು ಶಾಲೆಗೆ ಕಳುಹಿಸಿದರು. 1923ರಲ್ಲಿ ಅಕ್ರಾದಲ್ಲಿ ತೆರೆದ ಕೊರ್ಲೆ ಬು ಆಸ್ಪತ್ರೆ, 1927ರಲ್ಲಿ ಆರಂಭವಾದ ಅಚಿಮೊಟ ವಿದ್ಯಾಸಂಸ್ಥೆಗಳೆಲ್ಲ ಎದ್ದು ನಿಂತದ್ದು ಕೊಕ್ಕೊ ಬೊಕ್ಕಸ ತುಂಬಿಸಿದ ಕಾಲದಲ್ಲಿ.

ಬೆಲೆ ನಿಗದಿ ಮಾಡುವವರು ಯಾರು?

ಆದರೆ ಬೆಳೆ ಬೆಳೆದ ಮಾತ್ರಕ್ಕೆ ಬಡತನ ಹೋಗುವುದಿಲ್ಲ ಎಂಬ ಪಾಠವನ್ನೂ ಕೊಕ್ಕೊ ಕಲಿಸಿತು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಜರ್ಮನ್ ಸಂಬಂಧದ ಕಾರಣ ನೀಡಿ ಬಾಸೆಲ್ ಮಿಶನ್ನಿನವರನ್ನು 1917ರ ಕೊನೆಯಲ್ಲಿ ಗೋಲ್ಡ್ ಕೋಸ್ಟಿನಿಂದ ಗಡೀಪಾರು ಮಾಡಿದರು. ಮಂಗಳೂರಿನಲ್ಲಿಯೂ ಮಿಶನ್ನಿನ ಕಾರ್ಖಾನೆಗಳು ಕೈತಪ್ಪಿದ್ದು ಇದೇ ಯುದ್ಧದಿಂದ. ಎರಡೂ ಕಡೆಯ ವ್ಯಾಪಾರವನ್ನು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಒಂದೇ ಸಂಸ್ಥೆಗೆ ವಹಿಸಲಾಯಿತು. ಗೋಲ್ಡ್ ಕೋಸ್ಟಿನ ಸಭೆಗಳ ಜವಾಬ್ದಾರಿ ಸ್ಕಾಟ್ಲೆಂಡಿನ ಮಿಶನ್ನಿಗೆ ಬಂತು. ಕ್ರಮೇಣ ಆಡಳಿತ ಸ್ಥಳೀಯರ ಕೈಗೆ ಬಂದು ಅದುವೇ ಇಂದಿನ ಘಾನಾ ಪ್ರೆಸ್ಬಿಟೇರಿಯನ್ ಸಭೆಯಾಗಿದೆ.

ಇತ್ತ ಖರೀದಿ ವ್ಯವಹಾರ ಕೆಲವೇ ಯುರೋಪಿಯನ್ ಕಂಪೆನಿಗಳ ಹಿಡಿತಕ್ಕೆ ಸಿಕ್ಕಿತು. ಅವು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಬೆಲೆ ಇಳಿಸಿದಾಗ, 1937ರ ಅಕ್ಟೋಬರಿನಿಂದ 1938ರ ಏಪ್ರಿಲ್‌ವರೆಗೆ ರೈತರು ಒಗ್ಗಟ್ಟಾಗಿ ಕೊಕ್ಕೊ ಮಾರಲು ನಿರಾಕರಿಸಿದರು. ಮುಖಂಡರೂ ರೈತರ ಬೆನ್ನಿಗೆ ನಿಂತರು. ಲಂಡನ್ನಿನಿಂದ ವಿಚಾರಣಾ ಆಯೋಗ ಬರಬೇಕಾಯಿತು. 1947ರಲ್ಲಿ ಕೊಕ್ಕೊ ಮಾರಾಟ ಮಂಡಳಿ ಸ್ಥಾಪನೆಯಾದುದಕ್ಕೆ ಈ ಹೋರಾಟದ ಹಿನ್ನೆಲೆ ಇದೆ. 1957ರಲ್ಲಿ ದೇಶ ಸ್ವತಂತ್ರವಾಗಿ ಘಾನಾ ಎಂಬ ಹೆಸರು ಪಡೆಯಿತು.

ಚರ್ಚುಗಳ ಗ್ರಾಮಸೇವೆಯೂ ನಿಲ್ಲಲಿಲ್ಲ. 1955ರಲ್ಲಿ ಕೊಕ್ಕೊ ಬೆಳೆಯದ ಒಣ ಉತ್ತರ ಭಾಗದ ಜಿರಾಪ ಎಂಬಲ್ಲಿ ಕ್ಯಾಥೊಲಿಕ್ ಗುರು ಜಾನ್ ಮೆಕ್‌ನಲ್ಟಿ ಅವರು ಹಳ್ಳಿಗರನ್ನು ಸೇರಿಸಿ ಉಳಿತಾಯ ಮತ್ತು ಸಾಲದ ಸಹಕಾರ ಸಂಘವನ್ನು ಆರಂಭಿಸಿದರು. ಆಫ್ರಿಕಾದ ಇಂಥ ಮೊದಲ ಸಂಘಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಪ್ರೆಸ್ಬಿಟೇರಿಯನ್ ಸಭೆಯೂ 1960ರ ದಶಕದಿಂದ ಉತ್ತರದ ಗಾರು ಮುಂತಾದ ಕಡೆ ಕೃಷಿ ಕೇಂದ್ರಗಳನ್ನು ತೆರೆದು ರೈತರಿಗೆ ಎತ್ತಿನ ಉಳುಮೆ, ಸುಧಾರಿತ ಬೇಸಾಯ ಕಲಿಸುತ್ತ ಬಂದಿದೆ. 1993ರಲ್ಲಿ ಕೊಕ್ಕೊ ರೈತರೇ ಕಟ್ಟಿಕೊಂಡ ಕುವಾಪ ಕೊಕೂ ಎಂಬ ಸಹಕಾರ ಸಂಸ್ಥೆ ನ್ಯಾಯಬೆಲೆಯ ವ್ಯಾಪಾರದಲ್ಲಿ ಹೆಸರು ಪಡೆಯಿತು. ಇಷ್ಟಾದರೂ ಚಾಕೊಲೇಟಿನ ಬೆಲೆಯಲ್ಲಿ ಬೆಳೆಗಾರನಿಗೆ ಸಿಗುವುದು ಸಣ್ಣ ಪಾಲು ಮಾತ್ರ. ತೋಟಗಳಲ್ಲಿ ಮಕ್ಕಳ ದುಡಿಮೆಯ ಸಮಸ್ಯೆಯೂ ಪೂರ್ತಿ ನೀಗಿಲ್ಲ.

ಪುತ್ತೂರಿನ ನೆನಪು

ಈ ಕಥೆಯನ್ನು ಓದುವಾಗ ನಮ್ಮ ಕರಾವಳಿಯ ನೆನಪು ಬಾರದಿರದು. ಅಡಿಕೆ ಬೆಲೆ ನೆಲಕಚ್ಚಿದ ದಿನಗಳಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿದರು. 1980ರ ಸುಮಾರಿಗೆ ಕೊಕ್ಕೊಗೆ ಖರೀದಿದಾರರಿಲ್ಲದೆ ರೈತರು ಕಂಗೆಟ್ಟಾಗ ಅದೇ ಸಂಸ್ಥೆ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಒಟ್ಟಾಗಿ ಕೊಂಡು, ಸಂಸ್ಕರಿಸಿ, ಮಾರಿದರೆ ಮಾತ್ರ ನೆಲೆ ಎಂಬ ಸತ್ಯವನ್ನು ಅಕುವಾಪೆಮ್ ಗುಡ್ಡದವರೂ ಪುತ್ತೂರಿನವರೂ ತಮ್ಮ ತಮ್ಮ ಅನುಭವದಿಂದಲೇ ಕಂಡುಕೊಂಡರು.

ಟೆಟ್ಟೆ ಕ್ವಾರ್ಶಿ ಅವರ ನೆನಪು ಘಾನಾದಲ್ಲಿ ಹಸಿರಾಗಿದೆ. ಮಂಪೊಂಗಿನಲ್ಲಿ 1960ರ ದಶಕದ ಆರಂಭದಲ್ಲಿ ಕೊಕ್ಕೊ ಹಣದಿಂದಲೇ ಕಟ್ಟಿದ ಆಸ್ಪತ್ರೆ ಅವರ ಹೆಸರು ಹೊತ್ತಿದೆ. ರಾಜಧಾನಿ ಅಕ್ರಾದ ಪ್ರಮುಖ ರಸ್ತೆ ಕೂಡುವಲ್ಲಿ ಅವರ ಹೆಸರಿದೆ. ಅವರ ಪುಟ್ಟ ತೋಟವನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದ್ದು, ಹಳೆಯ ಮರಗಳನ್ನು ನೋಡಲು ಜನ ಬರುತ್ತಾರೆ. ಬದುಕಿದ್ದಾಗ ಅವರಿಗೆ ದೊಡ್ಡ ಸಂಪತ್ತೂ ಬರಲಿಲ್ಲ, ಬಿರುದು ಬಾವಲಿಗಳೂ ಸಿಗಲಿಲ್ಲ.

ಮಿಶನ್ ಅವರಿಗೆ ಕೊಟ್ಟದ್ದು ಒಂದು ಕಸುಬು. ಆ ಕಸುಬು ಅವರನ್ನು ಕಡಲಾಚೆಗೆ ಒಯ್ದಿತು. ಅಲ್ಲಿಂದ ಅವರು ಹೊತ್ತು ತಂದ ಬೀಜ ತನ್ನ ಮನೆಗೆ ಮಾತ್ರವಲ್ಲ, ನೆರೆಯವರ ಮನೆಗೂ ಅನ್ನ ಕೊಟ್ಟಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಹಿರಿಯರಲ್ಲಿ ಅನೇಕರು ಇಲ್ಲಿ ದುಡಿದ ಹಣದಿಂದ ಊರಿನ ಶಾಲೆಗೆ ಕೊಠಡಿ, ಬಡ ವಿದ್ಯಾರ್ಥಿಗೆ ಫೀಸು, ಊರಿಗೆ ಬಾವಿ ಎಂದು ನೀಡುತ್ತ ಬಂದಿದ್ದಾರೆ. ಅವರೆಲ್ಲ ಕ್ವಾರ್ಶಿ ಅವರ ಹೆಸರು ಕೇಳಿರಲಾರರು, ಆದರೆ ನಡೆದ ದಾರಿ ಅದೇ. ಡಿಸೆಂಬರ್ 25ರಂದು ಜಗತ್ತೆಲ್ಲ ಕ್ರಿಸ್ಮಸ್ ಸಂಭ್ರಮದಲ್ಲಿರುವಾಗ ಮಕ್ಕಳ ಕೈಗೆ ಚಾಕೊಲೇಟ್ ಕೊಡುವ ಮುನ್ನ, ಅದೇ ದಿನ ಕಣ್ಮುಚ್ಚಿದ ಈ ಶ್ರಮಜೀವಿಯ ಕಥೆಯನ್ನೂ ಅವರಿಗೆ ಹೇಳಿದರೆ ಒಳ್ಳೆಯದು.